ರಾಜನ ಅಪ್ಪ ಯಾರು?

ನಮ್ಮ ಪಕ್ಕದ ಮನೆಯ ಅಜ್ಜನ ಹತ್ತಿರ ಒಂದು ರಾಟ್‌ವೈಲರ್ ಇದೆ. ಹೆಣ್ಣು ನಾಯಿ, ಆರು ವರ್ಷದ್ದು. ನಾವು ಸ್ಟುಟ್‌ಗಾರ್ಟ್ ಪಕ್ಕದ ಈ ಊರಿಗೆ ಬಂದ ಹೊಸದರಲ್ಲಿ ಅವರು ಒಂದು ಭಾನುವಾರ ಕಾಫಿಗೆ ಕರೆದರು. ನಾಯಿ ಬಂದು ನನ್ನ ಕಾಲು ಮೂಸಿತು, ಆಮೇಲೆ ನನ್ನ ಪಾದದ ಮೇಲೇ ತಲೆ ಇಟ್ಟು ಮಲಗಿತು. ನಾನು ಅಲುಗಾಡುವ ಹಾಗಿಲ್ಲ. ಅಷ್ಟರಲ್ಲಿ ಅಜ್ಜ ಕಪಾಟಿನಿಂದ ಒಂದು ಪ್ಲಾಸ್ಟಿಕ್ ಫೈಲ್ ತಂದು, ನಮ್ಮಲ್ಲಿ ಹೆಣ್ಣು ನೋಡಲು ಬಂದವರ ಮುಂದೆ ಜಾತಕ ಬಿಚ್ಚುತ್ತಾರಲ್ಲ ಹಾಗೆ, ಮೇಜಿನ ಮೇಲೆ ಹರಡಿದರು. ನಾಯಿಯ ಅಪ್ಪ, ಅಮ್ಮ, ಇಬ್ಬರು ಅಜ್ಜಂದಿರು, ಇಬ್ಬರು ಅಜ್ಜಿಯರು, ಅವರ ಅಪ್ಪ ಅಮ್ಮಂದಿರು. ಪ್ರತಿಯೊಂದಕ್ಕೂ ಹೆಸರು, ನಂಬರು, ಸೊಂಟದ ಎಕ್ಸ್‌ರೇ ಹೇಗೆ ಬಂದಿತ್ತು, ಯಾವ ಪರೀಕ್ಷೆ ಪಾಸಾಗಿತ್ತು, ಎಲ್ಲ ಇತ್ತು. ನನ್ನ ಮುತ್ತಜ್ಜಿಯ ಹೆಸರು ನನಗೆ ಗೊತ್ತಿಲ್ಲ, ಸುಮ್ನೆ ತಲೆಯಾಡಿಸುತ್ತಾ ಕೂತೆ.

ನಿಮ್ಮ ಊರಲ್ಲಿ ಎಂಥ ನಾಯಿ ಅಂತ ಕೇಳಿದರು. ನಮ್ಮದು ಮುಧೋಳದ ಹತ್ತಿರದ ಹಳ್ಳಿ, ಇನ್ನೆಂಥ ನಾಯಿ! ಫೋನ್ ತೆಗೆದು ಕಾಕಾನ ರಾಜನ ಫೋಟೊ ತೋರಿಸಿದೆ. ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತಿದ್ದಾನೆ, ಉದ್ದ ಮೂತಿ, ಆಳವಾದ ಎದೆ, ಒಳಗೆ ಸೇರಿಕೊಂಡ ಹೊಟ್ಟೆ. ಅಜ್ಜ ಎರಡು ಬೆರಳಲ್ಲಿ ಫೋಟೊ ಹಿಗ್ಗಿಸಿ ಕಾಲು ನೋಡಿದರು, ಬೆನ್ನು ನೋಡಿದರು, ಒಳ್ಳೇ ನಾಯಿ ಅಂದರು. ಆಮೇಲೆ ಸಹಜವಾಗಿ, ಮಳೆ ಬರುತ್ತದಾ ಅಂತ ಕೇಳುವಷ್ಟು ಸಹಜವಾಗಿ, "ಇದರ ಅಪ್ಪ ಯಾರು?" ಅಂದರು.

ನನಗೆ ಗೊತ್ತಿರಲಿಲ್ಲ. ಮರುದಿನ ಕಾಕಾಗೆ ಫೋನ್ ಮಾಡಿ ಕೇಳಿದೆ.

"ಅದರಪ್ಪ ಯಾರು ಅಂತ ನನಗ ಗೊತ್ತೈತಿ. ನಿಮ್ಮ ಜರ್ಮನಿಯವರಿಗೆ ಯಾಕ ಬೇಕು ತಮ್ಮಾ? ಬೀಗತನ ಮಾಡ್ತಾರೇನು?"

ಇಬ್ಬರೂ ನಕ್ಕೆವು, ಮಾತು ಬೇರೆ ಕಡೆ ಹೋಯಿತು. ಆ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ರಾಟ್‌ವೈಲ್ ಅನ್ನೋದು ಒಂದು ಊರಿನ ಹೆಸರು ಅಂತ ಇಲ್ಲಿಗೆ ಬರುವವರೆಗೂ ನನಗೆ ತಿಳಿದಿರಲಿಲ್ಲ. ಇಲ್ಲಿಂದ ರೈಲಿನಲ್ಲಿ ಒಂದೂವರೆ ಗಂಟೆ. ರೋಮನ್ನರ ಕಾಲದಿಂದ ಇರುವ ಹಳೇ ಊರು. ಅಜ್ಜನೇ ಒಮ್ಮೆ ಕರೆದುಕೊಂಡು ಹೋಗಿ, ಊರೊಳಗೆ ನಿಲ್ಲಿಸಿರುವ ಕಂಚಿನ ನಾಯಿ ತೋರಿಸಿದರು. ಮುಧೋಳ ನಾಯಿ ಹೇಗೋ ಇದೂ ಹಾಗೆ, ಊರಿನ ಹೆಸರನ್ನೇ ಹೊತ್ತು ತಿರುಗುವ ನಾಯಿ. ನನಗೆ ಹೋಲಿಕೆ ಹುಚ್ಚು ಹತ್ತಿದ್ದು ಅಲ್ಲಿಂದ.

ಅದರ ಕತೆ ಹೀಗಿದೆ. ಅದು ಕಟುಕರ ನಾಯಿ. ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗುವುದು, ಮಾಂಸದ ಗಾಡಿ ಎಳೆಯುವುದು ಅದರ ಕೆಲಸ. ವ್ಯಾಪಾರ ಮುಗಿದ ಮೇಲೆ ಕಟುಕ ಕುಡಿಯಲು ಕೂತರೆ ದುಡ್ಡಿನ ಚೀಲವನ್ನು ನಾಯಿಯ ಕೊರಳಿಗೆ ಕಟ್ಟುತ್ತಿದ್ದನಂತೆ, ಅದಕ್ಕಿಂತ ಭದ್ರವಾದ ತಿಜೋರಿ ಯಾವುದು ಹೇಳಿ. ಆಮೇಲೆ ರೈಲು ಬಂತು. ದನಗಳು ರೈಲಿನಲ್ಲಿ ಹೋಗತೊಡಗಿದವು, ದಾರಿಯಲ್ಲಿ ದನ ಹೊಡೆಯುವುದೂ ನಿಂತಿತು. ನಾಯಿಗೆ ಕೆಲಸ ಹೋಯಿತು. ಕೆಲಸ ಹೋದ ನಾಯಿಯನ್ನು ಯಾರು ಸಾಕುತ್ತಾರೆ? 1882ರಲ್ಲಿ ಹೈಲ್‌ಬ್ರಾನ್ ಊರಲ್ಲಿ ಶ್ವಾನ ಪ್ರದರ್ಶನ ನಡೆದಾಗ ಅಲ್ಲಿಗೆ ಬಂದದ್ದು ಒಂದೇ ರಾಟ್‌ವೈಲರ್, ಅದೂ ನೋಡುವ ಹಾಗಿರಲಿಲ್ಲವಂತೆ. ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ರಾಟ್‌ವೈಲ್ ಊರಲ್ಲೇ ಒಂದೇ ಒಂದು ಹೆಣ್ಣು ನಾಯಿ ಉಳಿದಿತ್ತು ಅಂತ ಹೇಳುತ್ತಾರೆ.

ಆಗ ಹುಟ್ಟಿದ್ದು ಕ್ಲಬ್ಬು. ಒಂದಲ್ಲ, ಎರಡು. 1907ರ ಜನವರಿಯಲ್ಲಿ ಹೈಡಲ್‌ಬರ್ಗ್‌ನಲ್ಲಿ ಮೊದಲನೆಯದು. ಮೂರೇ ತಿಂಗಳಲ್ಲಿ, ಏಪ್ರಿಲ್‌ನಲ್ಲಿ, ಜಗಳವಾಡಿಕೊಂಡು ಎರಡನೆಯದು. ಇದನ್ನು ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ! ಸಂಘ ಕಟ್ಟಿ ಮೂರು ತಿಂಗಳಲ್ಲಿ ಒಡೆಯುವುದು ನಮ್ಮ ಹೊರನಾಡ ಕನ್ನಡಿಗರಿಗೆ ಮಾತ್ರ ಬರುವ ವಿದ್ಯೆ ಅಂದುಕೊಂಡಿದ್ದೆ. ಒಬ್ಬರಿಗೆ ಕೆಲಸ ಮಾಡುವ ನಾಯಿ ಬೇಕು, ಇನ್ನೊಬ್ಬರಿಗೆ ನೋಡಲು ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಇರಬೇಕು. ನಮ್ಮದೇ ಅಸಲಿ, ನಿಮ್ಮದು ನಕಲಿ ಅಂತ ಹದಿನಾಲ್ಕು ವರ್ಷ ಎಳೆದಾಡಿದರು. ಆದರೆ ಜಗಳದ ನಡುವೆಯೂ ಎರಡೂ ಕಡೆಯವರು ಒಂದು ಕೆಲಸ ಬಿಡಲಿಲ್ಲ. ಯಾವ ನಾಯಿಗೆ ಯಾವ ನಾಯಿ ಕೂಡಿಸಿದರು, ಎಷ್ಟು ಮರಿ ಹುಟ್ಟಿದವು ಅಂತ ಪುಸ್ತಕದಲ್ಲಿ ಬರೆಯುತ್ತಲೇ ಇದ್ದರು. 1921ರ ಆಗಸ್ಟ್‌ನಲ್ಲಿ ಎರಡೂ ಒಂದಾಗಿ ಎ.ಡಿ.ಆರ್.ಕೆ., ಅಂದರೆ ಅಖಿಲ ಜರ್ಮನ್ ರಾಟ್‌ವೈಲರ್ ಕ್ಲಬ್, ಎಂಬ ಒಂದೇ ಕ್ಲಬ್ ಆಯಿತು, ನಾಯಿಗಳ ದಾಖಲೆಯೂ ಒಂದೇ ಪುಸ್ತಕಕ್ಕೆ ಬಂತು. ಬರೆದಿಟ್ಟಿದ್ದರಿಂದ ಕೂಡಿಸಲು ಏನಾದರೂ ಇತ್ತು. ಆ ಕ್ಲಬ್ಬು ನೂರು ವರ್ಷ ದಾಟಿ ಇವತ್ತಿಗೂ ನಡೆಯುತ್ತಿದೆ.

ಇನ್ನೊಂದು ಬುದ್ಧಿವಂತಿಕೆ ಮಾಡಿದರು. ದನ ಹೊಡೆಯುವ ಕೆಲಸ ಹೋಯಿತಲ್ಲ, ಹೊಸ ಕೆಲಸ ಹುಡುಕಿದರು. 1910ರಲ್ಲಿ ರಾಟ್‌ವೈಲರ್ ಪೊಲೀಸ್ ನಾಯಿ ಅಂತ ಮಾನ್ಯತೆ ಪಡೆಯಿತು. ಕ್ಲಬ್ಬಿನ ಹಳೇ ಘೋಷಣೆಯೇ ಅದು: ರಾಟ್‌ವೈಲರ್ ತಳಿ ಬೆಳೆಸುವುದೆಂದರೆ ಕೆಲಸದ ನಾಯಿ ಬೆಳೆಸುವುದು.

ಈಗ ನಮ್ಮ ಕಡೆ ಬನ್ನಿ.

ಮುಧೋಳ ಅಂದರೆ ರನ್ನ ಹುಟ್ಟಿದ ಊರು, ಅದನ್ನು ಶಾಲೆಯಲ್ಲಿ ಓದಿದ್ದೀವಿ. ಪಕ್ಕದ ಹಲಗಲಿಯ ಬೇಡರು 1857ರಲ್ಲಿ ಆಯುಧ ಕೊಡುವುದಿಲ್ಲ ಅಂತ ಬ್ರಿಟಿಷರ ಮೇಲೆ ತಿರುಗಿಬಿದ್ದದ್ದೂ ಗೊತ್ತು. ಆ ಬೇಡರಂಥ ಬೇಟೆಗಾರರ ಹಟ್ಟಿಗಳಲ್ಲಿ ಇದ್ದ ನಾಯಿಯೇ ಇದು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಮಹಾರಾಜರ ಕಣ್ಣಿಗೆ ಬಿತ್ತು, ಅವರು ಆಸ್ಥೆಯಿಂದ ಸಾಕಿ ಬೆಳೆಸಿದರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರು ಅಂತ ಊರಲ್ಲಿ ಚಿಕ್ಕ ಮಕ್ಕಳೂ ಹೇಳುತ್ತಾರೆ. ಆಮೇಲೆ? 2005ರಲ್ಲಿ ಅಂಚೆ ಚೀಟಿ ಬಂತು, ರಾಜಪಾಳಯಂ, ರಾಂಪುರ, ಹಿಮಾಲಯದ ಕುರಿನಾಯಿ ಜೊತೆ ನಮ್ಮದೂ ಒಂದು. ತಿಮ್ಮಾಪುರದಲ್ಲಿ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಬಂತು. 2016ರಲ್ಲಿ ಸೇನೆಯವರು ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೊದಲ್ಲಿ ಹೆಸರು ಹೇಳಿದರು. ಕರ್ನಾಲ್‌ನಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಅಧಿಕೃತ ತಳಿ ಅಂತ ನೋಂದಾಯಿಸಿಕೊಂಡಿತು. ಸನ್ಮಾನಕ್ಕೆ ಏನೂ ಕಡಿಮೆಯಿಲ್ಲ. ಶಾಲು ಹೊದಿಸಿ ಫಲತಾಂಬೂಲ ಕೊಡುವುದೊಂದು ಬಾಕಿ.

ನನ್ನ ತಕರಾರು ಇಷ್ಟೇ. ಇದೆಲ್ಲ ಮೇಲಿನಿಂದ ಬಂದದ್ದು. ರಾಜ, ಸರ್ಕಾರ, ವಿಶ್ವವಿದ್ಯಾಲಯ, ಪ್ರಧಾನಿ. ತಿಮ್ಮಾಪುರದ ಕೇಂದ್ರ ಒಳ್ಳೇ ಕೆಲಸ ಮಾಡುತ್ತಿದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ನಾಯಿ ಇರುವುದು ನಮ್ಮ ಕಾಕಾನಂಥವರ ಅಂಗಳದಲ್ಲಿ. ಆ ಅಂಗಳದ ಮಂದಿ ಸೇರಿ ತಮ್ಮ ನಾಯಿಯ ಲೆಕ್ಕ ತಾವೇ ಇಡುವ ಪದ್ಧತಿ ನಮ್ಮಲ್ಲಿ ಬೆಳೆಯಲೇ ಇಲ್ಲ. ಹೆಸರಿನ ಗೊಂದಲ ನೋಡಿ: ನಾಯಿ ತಳಿಗಳನ್ನು ನೋಂದಾಯಿಸುವ ಒಂದು ರಾಷ್ಟ್ರೀಯ ಕೆನಲ್ ಕ್ಲಬ್ಬಿನ ಪುಸ್ತಕದಲ್ಲಿ ಇದು ಮುಧೋಳ ಹೌಂಡ್, ಚೆನ್ನೈನಲ್ಲಿರುವ ಇನ್ನೊಂದರ ಪುಸ್ತಕದಲ್ಲಿ ಕ್ಯಾರವಾನ್ ಹೌಂಡ್. ಮಹಾರಾಷ್ಟ್ರದ ಕಡೆ ಕಾರವಾನಿ ಅಂತಲೇ ಕರೆಯುತ್ತಾರೆ. ಎರಡು ಹೆಸರು, ಎರಡು ಪುಸ್ತಕ. ಊರಲ್ಲಿ ನಾಯಿ ಸಾಕಿದ ಮನೆಗಳಲ್ಲಿ ಎಷ್ಟು ಮಂದಿ ಈ ಎರಡರಲ್ಲಿ ಒಂದನ್ನಾದರೂ ಕಣ್ಣಲ್ಲಿ ಕಂಡಿದ್ದಾರೆ? ನಮ್ಮ ಓಣಿಯಲ್ಲಂತೂ ಯಾರೂ ಇಲ್ಲ.

ಇಲ್ಲಿ ಸಂಘ ನೋಂದಾಯಿಸಲು ಏಳು ಜನ ಸಾಕು. ನಮ್ಮ ಕರ್ನಾಟಕದ ಸಂಘಗಳ ಕಾಯ್ದೆಗೂ ಏಳೇ ಜನ ಸಾಕು. ಆದ್ದರಿಂದ ಕಾನೂನಿನ ಮೇಲೆ ತಪ್ಪು ಹಾಕುವ ಹಾಗಿಲ್ಲ. ವ್ಯತ್ಯಾಸ ಇರುವುದು ಏಳು ಜನ ಸೇರಿದ ಮೇಲೆ ಏನು ಮಾಡುತ್ತಾರೆ ಅನ್ನುವುದರಲ್ಲಿ. ನಮ್ಮಲ್ಲಿ ಮೊದಲು ಅಧ್ಯಕ್ಷರು ಯಾರು, ಉದ್ಘಾಟನೆಗೆ ಯಾವ ಶಾಸಕರನ್ನು ಕರೆಯೋಣ, ಬ್ಯಾನರ್‌ನಲ್ಲಿ ಯಾರ ಫೋಟೊ ದೊಡ್ಡದು. ಇಲ್ಲಿ ಅಜ್ಜನ ಜೊತೆ ಅವರ ಊರಿನ ಘಟಕದ ವಾರ್ಷಿಕ ಸಭೆಗೆ ಒಮ್ಮೆ ಹೋಗಿದ್ದೆ, ಎರಡು ಗಂಟೆ ಕೂತು ಸತ್ತುಹೋದೆ. ಬೇಲಿ ರಿಪೇರಿ ಖರ್ಚು. ಕಾಫಿ ಮಷೀನ್ ಕೆಟ್ಟಿದೆ. ಖಜಾಂಚಿ ಲೆಕ್ಕ ಓದಿದರು, ಇಬ್ಬರು ಎದ್ದು ನಾವು ಪರಿಶೀಲಿಸಿದ್ದೇವೆ ಸರಿಯಿದೆ ಅಂದರು, ಎಲ್ಲರೂ ಕೈ ಎತ್ತಿದರು. ಭಾಷಣ ಇಲ್ಲ, ಹಾರ ಇಲ್ಲ. ಆದರೆ ಯಾರ ಮನೆಯಲ್ಲಾದರೂ ನಾಯಿ ಮರಿ ಹಾಕಿದರೆ ಕ್ಲಬ್ಬಿನಿಂದ ಒಬ್ಬರು ಹೋಗಿ ನೋಡುತ್ತಾರೆ. ಮರಿ ಎಷ್ಟು, ತಾಯಿ ಹೇಗಿದೆ, ಜಾಗ ಸ್ವಚ್ಛವಾಗಿದೆಯಾ, ಎಲ್ಲ ಬರೆದುಕೊಂಡು ಬರುತ್ತಾರೆ. ಒಂದು ಸೂಲಿನ ಮರಿಗಳಿಗೆಲ್ಲ ಒಂದೇ ಅಕ್ಷರದಿಂದ ಹೆಸರು: ಮೊದಲ ಸೂಲಿಗೆ ಎ, ಎರಡನೆಯದಕ್ಕೆ ಬಿ. ಹೆಸರು ಕೇಳಿದರೇ ಯಾರ ಮನೆಯ ಎಷ್ಟನೇ ಸೂಲು ಅಂತ ಗೊತ್ತಾಗುತ್ತದೆ.

ಹಾಗಂತ ಇವರದ್ದು ಎಲ್ಲ ಬಂಗಾರ ಅಂತ ಹೇಳಲು ನಾನು ಕೂತಿಲ್ಲ. ಪುಸ್ತಕದ ಹುಚ್ಚು ಜಾಸ್ತಿಯಾದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇಲ್ಲೇ ಇದೆ. ಜರ್ಮನ್ ಶೆಫರ್ಡ್ ಕ್ಲಬ್ಬನ್ನು 1899ರಲ್ಲಿ ಕಟ್ಟಿದವರು ಮ್ಯಾಕ್ಸ್ ಫಾನ್ ಸ್ಟೆಫನಿಟ್ಸ್. ಕುರಿ ಕಾಯುವ ಒಂದು ನಾಯಿಯನ್ನು ಪ್ರದರ್ಶನದಲ್ಲಿ ನೋಡಿ ಮೆಚ್ಚಿ, ಕೊಂಡು, ಹೊರಾಂಡ್ ಅಂತ ಹೊಸ ಹೆಸರಿಟ್ಟು, ಪುಸ್ತಕದಲ್ಲಿ ಒಂದನೇ ನಂಬರ್ ಕೊಟ್ಟರು. ನಾಯಿಗೆ ಕೆಲಸ ಬರಬೇಕು, ರೂಪ ಆಮೇಲೆ ಅನ್ನುವುದು ಅವರ ಹಟ. ಕೊನೆಗೆ ನಾಜಿಗಳ ಕಾಲದಲ್ಲಿ, 1935ರಲ್ಲಿ, ಅವರನ್ನೇ ಅಧ್ಯಕ್ಷ ಸ್ಥಾನದಿಂದ ಇಳಿಸಿದರು. ಅವರಿಗೆ ಯಾವುದು ಬೇಡವಾಗಿತ್ತೋ ಅದೇ ಆಯಿತು: ಪ್ರದರ್ಶನದ ನಾಯಿ ಬೇರೆ, ಕೆಲಸದ ನಾಯಿ ಬೇರೆ ಅಂತ ಎರಡು ಕವಲಾಯಿತು. ಪ್ರದರ್ಶನದ ನಾಯಿಗಳ ಬೆನ್ನು ಹಿಂದಕ್ಕೆ ಜಾರಿ ಜಾರಿ, ಕೆಲವನ್ನು ನೋಡಿದರೆ ಕೂರುತ್ತಿದೆಯೋ ಏಳುತ್ತಿದೆಯೋ ತಿಳಿಯುವುದಿಲ್ಲ. ಇಂಗ್ಲೆಂಡಿನ ಕೆನಲ್ ಕ್ಲಬ್ 1873ರಷ್ಟು ಹಳೆಯದು, ಆದರೆ ಅಪ್ಪ ಮಗಳು, ಅಣ್ಣ ತಂಗಿ ಕೂಡಿ ಹುಟ್ಟಿದ ಮರಿಗಳನ್ನು ನೋಂದಾಯಿಸುವುದಿಲ್ಲ ಅನ್ನಲು ಅದಕ್ಕೆ 2009 ಬರಬೇಕಾಯಿತು, ಅದೂ ಒಂದು ಟೀವಿ ಸಾಕ್ಷ್ಯಚಿತ್ರದಲ್ಲಿ ಮಾನ ಹೋದ ಮೇಲೆ.

ಅದಕ್ಕೇ ಶುದ್ಧ ರಕ್ತ, ಅಪ್ಪಟ ತಳಿ ಅನ್ನುವ ಮಾತು ಬಂದರೆ ನನಗೆ ಮೈ ಉರಿಯುತ್ತದೆ. ಈ ದೇಶದವರಿಗೆ ಆ ಮಾತು ಕೇಳಿದರೆ ಒಂದು ಕಾಲ ನೆನಪಾಗುತ್ತದೆ, ನಮಗೆ ಇನ್ನೊಂದು ನೆನಪಾಗಬೇಕು. ವಂಶಾವಳಿ ಪುಸ್ತಕದ ನಿಜವಾದ ಉಪಯೋಗ ಅದಕ್ಕೆ ಉಲ್ಟಾ. ನಮ್ಮ ಹಿರಿಯರು ಹೆಣ್ಣು ಕೊಡುವ ಮೊದಲು ಬೆಡಗು ಕೇಳುತ್ತಿದ್ದರಲ್ಲ, ಒಂದೇ ಬೆಡಗು ಅಂದರೆ ಅಣ್ಣ ತಂಗಿ ಇದ್ದ ಹಾಗೆ, ಸಂಬಂಧ ಬೇಡ ಅಂತ. ನಾಯಿಯ ಪುಸ್ತಕವೂ ಅಷ್ಟಕ್ಕೇ. ಒಂದೇ ರಕ್ತ ಎರಡು ಸಲ ಕೂಡದ ಹಾಗೆ ನೋಡಿಕೊಳ್ಳಲು.

ಬರಹ ಇಲ್ಲದಿದ್ದರೂ ನಮ್ಮವರಿಗೆ ವಿದ್ಯೆ ಇರಲಿಲ್ಲವೇ? ಇತ್ತು, ಚೆನ್ನಾಗೇ ಇತ್ತು. ಕಾಕಾ ನಾಯಿ ನೋಡುವುದನ್ನು ನೀವು ನೋಡಬೇಕಿತ್ತು. ಮೊದಲು ಕಣ್ಣು ನೋಡುತ್ತಿರಲಿಲ್ಲ, ಮೂತಿ ನೋಡುತ್ತಿರಲಿಲ್ಲ. ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಬಲಗೈಯನ್ನು ಬೆನ್ನಿನ ಮೇಲೆ ಸವರುತ್ತಾ ತಂದು, ಸೊಂಟದ ಎರಡು ಎಲುಬುಗಳ ನಡುವೆ ಬೆರಳು ಅಡ್ಡ ಇಡುತ್ತಿದ್ದರು. ನಾಲ್ಕು ಬೆರಳು ಕೂತರೆ ಓಡುತ್ತದೆ. ಮೂರೇ ಕೂತರೆ "ಮನಿ ಕಾಯಾಕ ಅಡ್ಡಿಯಿಲ್ಲ" ಅಂತ ಎದ್ದುಬಿಡುತ್ತಿದ್ದರು. ಇಲ್ಲಿ ಸೊಂಟಕ್ಕೆ ಎಕ್ಸ್‌ರೇ, ಅಲ್ಲಿ ಸೊಂಟಕ್ಕೆ ಬೆರಳು. ಅವರ ಅಪ್ಪನ ಕಾಲದಲ್ಲಿ ಇನ್ನೂ ಕಠಿಣ ಪರೀಕ್ಷೆ ಇತ್ತು. ಹೊಲದಲ್ಲಿ ಮೊಲದ ಬೆನ್ನು ಹತ್ತಿ ಹಿಡಿದ ಗಂಡು ನಾಯಿಯ ಹತ್ತಿರ ಮಾತ್ರ ಬೆದೆಗೆ ಬಂದ ಹೆಣ್ಣನ್ನು ಒಯ್ಯುತ್ತಿದ್ದರು. ಇಲ್ಲಿನ ಕ್ಲಬ್ಬುಗಳು ನಾಯಿಗೆ ಕೆಲಸದ ಪರೀಕ್ಷೆ ಇಟ್ಟು, ಪಾಸಾದರೆ ಮಾತ್ರ ಮರಿ ಹಾಕಿಸಲು ಒಪ್ಪಿಗೆ ಕೊಡುತ್ತವೆ. ಎರಡೂ ಒಂದೇ ಅಲ್ವಾ?

1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿತು. ನಿಲ್ಲಬೇಕಾದದ್ದೇ. ಆದರೆ ಅಲ್ಲಿಗೆ ನಮ್ಮ ನಾಯಿಯ ಪರೀಕ್ಷೆಯೂ ನಿಂತಿತು. ರಾಟ್‌ವೈಲರ್‌ಗೆ ರೈಲು ಬಂದ ಹಾಗೆ ಮುಧೋಳ ನಾಯಿಗೆ ಈ ಕಾಯ್ದೆ ಬಂತು. ಅಲ್ಲಿ ಕ್ಲಬ್ಬಿನವರು ಬೇರೆ ಕೆಲಸ, ಬೇರೆ ಪರೀಕ್ಷೆ ಹುಡುಕಿಕೊಟ್ಟರು. ನಮ್ಮಲ್ಲಿ ಆ ಜಾಗಕ್ಕೆ ಬಂದದ್ದು ಮರಿ ಮಾರಾಟ. ರೇಡಿಯೊದಲ್ಲಿ ಹೆಸರು ಬಂದ ಮೇಲಂತೂ ಕೇಳಬೇಡಿ, ಬೆಂಗಳೂರು ಪುಣೆಯ ಕಾರುಗಳು ನಮ್ಮ ಹಳ್ಳಿಯೊಳಗೆ. ಗಾಳಿಯ ಹಾಗೆ ಓಡಲು ಹುಟ್ಟಿದ ನಾಯಿಯನ್ನು ಒಯ್ದು ಐದನೇ ಮಹಡಿಯ ಬಾಲ್ಕನಿಯಲ್ಲಿ ಕಟ್ಟುತ್ತಾರೆ, ಅದು ಸೋಫಾ ಹರಿಯಿತು ಅಂತ ಎಂಟು ತಿಂಗಳಿಗೆ ವಾಪಸು ತಂದು ಬಿಡುತ್ತಾರೆ. ಬೇಡಿಕೆ ಇದ್ದಾಗ ಯಾರು ಯಾರಿಗೆ ಹುಟ್ಟಿದ್ದು ಅಂತ ಯಾರು ಕೇಳುತ್ತಾರೆ? ಗ್ರೇಹೌಂಡ್ ಬೆರಕೆ ಮಾಡಿ ಅಸಲಿ ಮುಧೋಳ ಅಂತ ಮಾರುವವರೂ ಇದ್ದಾರೆ ಅಂತ ಕಾಕಾನೇ ಬೈಯುತ್ತಿದ್ದರು. ನನಗೆ ಬೆರಕೆಗಿಂತ ಭಯ ಒಂದೇ ಅಂಗಳದ ಅಣ್ಣ ತಂಗಿ ಕೂಡುವುದರದ್ದು.

ಕಾಕಾ ಹೋಗಿ ಎರಡು ವರ್ಷವಾಯಿತು. ನಮ್ಮ ಸುತ್ತಿನ ನಾಲ್ಕಾರು ಹಳ್ಳಿಯ ನಾಯಿಗಳ ನೆಂಟಸ್ತನ ಅವರ ಬಾಯಲ್ಲಿತ್ತು. ಯಾರ ಮನೆಯ ಕರಿ ನಾಯಿ ಯಾರ ಮನೆಯ ಬಿಳಿ ನಾಯಿಗೆ ಚಿಕ್ಕಪ್ಪನಾಗಬೇಕು, ಯಾವ ಸೂಲಿನಲ್ಲಿ ಕಿವುಡು ಮರಿ ಹುಟ್ಟಿತ್ತು, ಎಲ್ಲ. ನಾನು ಪ್ರತಿ ಸಲ ಊರಿಗೆ ಹೋದಾಗಲೂ ಕೂತು ಬರೆದುಕೊಳ್ಳಬೇಕು ಅಂದುಕೊಂಡೆ. ರಜೆ ಇರುವುದು ಮೂರು ವಾರ, ಮದುವೆ, ಗೃಹಪ್ರವೇಶ, ಆಧಾರ್ ತಿದ್ದುಪಡಿ. ಮುಗಿದೇ ಹೋಯಿತು.

ಹೋದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಕಾಕಾನ ಮಗ, ನನ್ನ ತಮ್ಮ, ಒಂದು ಹೊಸ ತಾಪತ್ರಯ ಹೇಳಿದ. ಮನೆಯ ಹೆಣ್ಣು ನಾಯಿ, ರಾಜನ ಮಗಳು, ಬೆದೆಗೆ ಬಂದಿದೆ. ಪಕ್ಕದ ಹಳ್ಳಿಯಲ್ಲಿ ಒಳ್ಳೇ ಗಂಡು ಇದೆ, ನಾಲ್ಕು ಬೆರಳಿನದ್ದು. ಆದರೆ ಆ ಮರಿಯನ್ನು ಅವರಿಗೆ ಕೊಟ್ಟದ್ದು ಕಾಕಾನೇ ಇರಬಹುದು ಅಂತ ಅವನಿಗೆ ಅನುಮಾನ. ಹಾಗಿದ್ದರೆ ಇದಕ್ಕೆ ಅದು ಅಣ್ಣನೋ ಚಿಕ್ಕಪ್ಪನೋ ಆಗುತ್ತದೆ. ಯಾರನ್ನು ಕೇಳೋಣ? ಅವರ ಮನೆಯ ಹಿರಿಯರೂ ಇಲ್ಲ. ಕೊನೆಗೆ ಬೇಡ ಅಂತ ಬಿಟ್ಟ.

ನಾನು ಪೇಟೆಗೆ ಹೋಗಿ ಉದ್ದ ಲೆಕ್ಕದ ಪುಸ್ತಕ ತಂದೆ, ಕೆಂಪು ರಟ್ಟಿನದ್ದು, ಅಂಗಡಿಯವರು ದೀಪಾವಳಿಗೆ ಪೂಜೆ ಮಾಡುತ್ತಾರಲ್ಲ ಅಂಥದ್ದು. ಗೆರೆ ಹೊಡೆದು ಅಂಕಣ ಮಾಡಿಕೊಟ್ಟೆ: ಹೆಸರು, ಹುಟ್ಟಿದ ದಿನ, ಬಣ್ಣ, ತಾಯಿ, ತಂದೆ, ಮರಿ ಯಾರಿಗೆ ಕೊಟ್ಟೆವು. ಓಣಿಯಲ್ಲಿ ಇನ್ನೂ ಮೂರು ಮನೆಯವರು ನಮ್ಮದೂ ಬರಿ ಅಂದರು. ನಾಲ್ಕು ಮನೆ ಆಯಿತು, ಏಳಕ್ಕೆ ಇನ್ನು ಮೂರು ಬೇಕು. ಒಬ್ಬರು ಆಗಲೇ ಅಧ್ಯಕ್ಷರು ಯಾರು ಅಂತ ಕೇಳಿದ್ದಾರೆ.

ನಾನು ವಾಪಸು ಬಂದ ವಾರ ತಮ್ಮನ ಫೋನ್ ಬಂತು. ಪುಸ್ತಕ ತೆರೆದು ಕೂತಿದ್ದ.

"ಅಣ್ಣಾ, ಮೊದಲನೇ ಸಾಲಿನ್ಯಾಗ ರಾಜ ಅಂತ ಬರದೀನಿ. ತಂದಿ ಹೆಸರು ಏನಂತ ಬರೀಲಿ?"

"ಕಾಕಾ ಅದನ್ನ ಏನಂತ ಕರೀತಿದ್ದರು, ನೆನಪೈತೇನು?"

"ಐತಿ. ರಾಜ."

"ಅಲ್ಲೋ, ರಾಜನ ಅಪ್ಪನ್ನ."

"ಅದಕ್ಕೂ ರಾಜ ಅಂತಿದ್ದರಣ್ಣಾ. ಅದರ ಅಪ್ಪಗೂ ರಾಜ. ನಮ್ಮ ಮನ್ಯಾಗ ಗಂಡು ನಾಯಿ ಅಂದ್ರ ರಾಜ ಅಲ್ಲೇನು?"